ಬಾಗಿಲ ಚೌಕಟ್ಟಿನಿಂದಲೇ ಎದ್ದ ಈಸಲು ಹುಳು

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಈಸಲು ಹುಳು ಮುತ್ತುವುದು ಮಾಮೂಲು. ಹೊರಗಿನಿಂದ ಬಂದಿದ್ದರೆ ದೀಪ ಆರಿಸಿ ಕಿಟಕಿ ಮುಚ್ಚಿದರೆ ಸಾಕು. ನಮ್ಮಲ್ಲಿ ಅವು ಬಚ್ಚಲುಮನೆ ಬಾಗಿಲ ಚೌಕಟ್ಟಿನ ಬಿರುಕಿನಿಂದಲೇ ಹೊರಬರುತ್ತಿದ್ದವು. ರೆಕ್ಕೆ ಇರುವೆ ಇರಬಹುದಾ ಎಂದು ಒಂದನ್ನು ಹಿಡಿದು ನೋಡಿದೆ. ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ನೇರ. ಗೆದ್ದಲೇ! ಇರುವೆಗಾದರೆ ಸೊಂಟ ಸಣ್ಣ, ಮುಂದಿನ ರೆಕ್ಕೆ ಉದ್ದ.

ಹಾರುವ ಹುಳುಗಳಿಗೆ ಸುಮ್ನೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ. ಮರ ತಿನ್ನುವವು ಒಳಗೇ ಇರುತ್ತವೆ. ಬಿದ್ದವನ್ನು ಗುಡಿಸಿ ಸೋಪಿನ ನೀರಿಗೆ ಹಾಕಿದೆ. ಚೌಕಟ್ಟಿನ ಪಕ್ಕ ಗೋಡೆಯ ಮೇಲೆ ಮಣ್ಣಿನ ಗೆರೆ, ಅಲ್ಲೇ ಸೋರುವ ಪೈಪ್. ತೇವ ಇದ್ದಲ್ಲಿ ಗೆದ್ದಲು ಬರದೇ ಇರುತ್ತಾ? ಮೊದಲು ಪೈಪ್ ಸರಿಮಾಡಿಸಿದೆ. ಆಮೇಲೆ ಗೆದ್ದಲು ಔಷಧಿಯವರು ಗೋಡೆಯುದ್ದಕ್ಕೂ ನೆಲದಲ್ಲಿ ತೂತು ಕೊರೆದು, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇಳಿಸಿ, ಸಿಮೆಂಟ್ ತುಂಬಿದರು. ಟೊಳ್ಳಾದ ಮರದ ಚೌಕಟ್ಟು ತೆಗೆಸಿ ಗ್ರಾನೈಟ್‌ನದು ಕೂರಿಸಿದೆವು.