ಮಗು ಕಬ್ಬಿಣಾಂಶದ ಮಾತ್ರೆ ನುಂಗಿದರೆ: ಮೊದಲ ಗಂಟೆಯಿಂದ ಎಂಟನೇ ವಾರದವರೆಗೆ

ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಮಾತ್ರೆಗೆ ಸಕ್ಕರೆಯ ಲೇಪವಿರುತ್ತದೆ. ಎರಡು ವರ್ಷದ ಮಗುವಿಗೆ ಅದು ಪೆಪ್ಪರಮೆಂಟೇ.

ಮಗು ನುಂಗಿದೆ ಎಂದು ಗೊತ್ತಾದ ಕೂಡಲೇ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮೈಯಲ್ಲಿ ಉಪ್ಪು ಹೆಚ್ಚಾಗುವುದೇ ಬೇರೊಂದು ಅಪಾಯ. ಖಾಲಿ ಸ್ಟ್ರಿಪ್ ಜೊತೆಯಲ್ಲೇ ಇರಲಿ.

ಲೆಕ್ಕ ಹೀಗೆ: ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ. ಕಾಣೆಯಾದ ಮಾತ್ರೆಗಳೆಲ್ಲ ಹೊಟ್ಟೆಗೇ ಹೋಗಿವೆ ಎಂದಿಟ್ಟುಕೊಂಡು ಒಟ್ಟನ್ನು ಮಗುವಿನ ತೂಕದಿಂದ ಭಾಗಿಸಿ. 10 ಕೆ.ಜಿ. ಮಗು ನಾಲ್ಕು ನುಂಗಿದರೆ ಕೆ.ಜಿ.ಗೆ 24 ಮಿ.ಗ್ರಾಂ: ವಾಂತಿ, ಭೇದಿ ಶುರುವಾಗುವ ಮಟ್ಟ. ಹತ್ತು ನುಂಗಿದರೆ 60: ಜೀವಕ್ಕೇ ಅಪಾಯ.

ಹಲವು ವಿಷಗಳಿಗೆ ಕೊಡುವ ಇದ್ದಿಲ ಪುಡಿ ಕಬ್ಬಿಣವನ್ನು ಹಿಡಿಯುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರೆ ಕಂಡರೆ ಮೂಗಿನ ನಳಿಕೆಯಿಂದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಬಿಟ್ಟು ಕರುಳು ತೊಳೆಯುತ್ತಾರೆ. ಪುಟ್ಟ ಮಕ್ಕಳಿಗೆ ಗಂಟೆಗೆ ಸುಮಾರು 500 ಮಿ.ಲೀ., ಗುದದಿಂದ ತಿಳಿನೀರು ಬರುವವರೆಗೆ. ವಿಷ ಏರಿದ್ದರೆ, ಕಬ್ಬಿಣವನ್ನು ಹಿಡಿದು ಮೈಯಿಂದ ಹೊರಹಾಕುವ ಡೆಸ್‌ಫೆರಿಆಕ್ಸಮೀನ್ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ.

ಮೋಸ ಆಗುವುದು ಆರು ಗಂಟೆ ಕಳೆದ ಮೇಲೆ. ವಾಂತಿ ನಿಂತು ಮಗು ಸುಮ್ಮನೆ ಮಲಗುತ್ತದೆ. ಮನೆಯವರು ಹೊರಡಲು ಅವಸರ ಮಾಡುವುದೂ ಆಗಲೇ. ಹೊರಡಬೇಡಿ: ಶಾಕ್ (ರಕ್ತದೊತ್ತಡ ಕುಸಿಯುವುದು), ಆಮೇಲೆ ಯಕೃತ್ತಿನ ಹಾನಿ ಈ ಶಾಂತಿಯ ಹಿಂದೆಯೇ ಬರಬಹುದು.

ಬದುಕಿ ಮನೆಗೆ ಬಂದ ಮೇಲೂ ಕರುಳಿನ ಕಥೆ ಉಳಿದಿರಬಹುದು. ಮಾತ್ರೆ ಅಂಟಿಕೊಂಡ ಕಡೆ ಒಳಪೊರೆ ಸುಟ್ಟಿರಬಹುದು. ಆ ಹುಣ್ಣು ಮಾಯುತ್ತಾ ಬಿಗಿದುಕೊಂಡು ಕೆಲವು ಮಕ್ಕಳಲ್ಲಿ ದಾರಿಯನ್ನು ಕಿರಿದಾಗಿಸುತ್ತದೆ. ಹೆಚ್ಚಾಗಿ ಜಠರದ ಬಾಯಿ ಸಣ್ಣಕರುಳಿಗೆ ಸೇರುವಲ್ಲಿ, ಅಪರೂಪಕ್ಕೆ ಕರುಳಿನಲ್ಲೇ. ಇದಕ್ಕೆ 2ರಿಂದ 8 ವಾರ ಹಿಡಿಯುತ್ತದೆ. ಅಷ್ಟು ದಿನ ವಾರಕ್ಕೊಮ್ಮೆ ಅಂಗನವಾಡಿಯ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವುದು, ಉಂಡಮೇಲೆ ಹೊಕ್ಕುಳ ಮೇಲ್ಭಾಗ ಉಬ್ಬುವುದು, ಬೆಳಗ್ಗೆ ತಿಂದ ಅನ್ನದ ಅಗುಳು ಸಂಜೆ ಹಾಗೇ ವಾಂತಿಯಾಗುವುದು, ಇವೇ ಗುರುತು. ವಾಂತಿ ಹಸಿರಾಗಿದ್ದರೆ ಅಡ್ಡಿ ಇನ್ನೂ ಕೆಳಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

‘ಗ್ಯಾಸ್ಟ್ರಿಕ್’ ಔಷಧಿ ಕೊಡಿಸಿ ವಾರ ಕಳೆಯಬೇಡಿ. ಹೊಸ ವೈದ್ಯರಿಗೆ ಹಿಂದೆ ಮಾತ್ರೆ ನುಂಗಿದ್ದನ್ನು ನೀವೇ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯದು. ಬೇರಿಯಂ ಎಕ್ಸ್‌ರೇ ಅಥವಾ ಎಂಡೋಸ್ಕೋಪಿಯಲ್ಲಿ ಕಿರಿದಾದ ಜಾಗ ಸಿಗುತ್ತದೆ. ಗಾಯದ ಕಲೆ ಮಾತ್ರೆಗೆ ಕರಗುವುದಿಲ್ಲ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.