ಸೋಲಾರ್ ಗಾಳಿ ಹೀಟರ್: ತಂತಿ ಕಟ್ಟುವುದರಲ್ಲೇ ಇದೆ ಕೆಲಸ

ಶಹಾಪುರದ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಮೆಣಸಿನಕಾಯಿ ಒಣಗಿಸಲು, ಬಿಸಿಲಿಗೆ ಗಾಳಿ ಕಾಯಿಸುವ ಸೋಲಾರ್ ಹೀಟರ್ ಮಾಡಿಕೊಂಡಿದ್ದರು. ಗಾಜು ಸರಿಸಿ ಕಪ್ಪು ಪತ್ರಾ, ಅಂದರೆ ತಗಡು, ಮುಟ್ಟಿದರೆ ಬೆರಳು ಚುರ್ ಅಂತು. ಪೈಪಿನಿಂದ ಬರುವ ಗಾಳಿ ಮಾತ್ರ ಉಗುರುಬೆಚ್ಚಗೆ. ಯಾರೋ ಹೇಳಿದರೆಂದು ಪತ್ರಾಕ್ಕೆ ತಂತಿಯನ್ನೂ ಕಟ್ಟಿದ್ದರು, ಆದರೆ ಗಾಜಿನ ಕಡೆ! ಗಾಳಿ ಹೋಗುವುದು ಪತ್ರಾದ ಕೆಳಗೆ. ತಂತಿಯೂ ಅಲ್ಲೇ ಇರಬೇಕು.

ನುಣುಪು ತಗಡಿನ ಮೈಗೆ ಗಾಳಿಯ ತೆಳು ಪದರವೊಂದು ಅಂಟಿಕೊಂಡು, ಕಂಬಳಿ ಹೊದಿಸಿದಂತೆ ಬಿಸಿಯನ್ನು ತಡೆಯುತ್ತದೆ. ತಂತಿಯ ಕೆಲಸ ಆ ಪದರವನ್ನು ಒಡೆಯುವುದು, ಅಷ್ಟೇ.

ಆರು ಅಡಿ ಉದ್ದ, ಮೂರು ಅಡಿ ಅಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಪತ್ರಾ ತನ್ನಿ. ಜೊತೆಗೆ 2 ಮಿ.ಮೀ. ದಪ್ಪದ, ಅಂದರೆ 14 ನಂಬರಿನ ತಂತಿ, ಸುಮಾರು 2 ಕೆ.ಜಿ.

ಸುರುಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಲು ಹೋಗಬೇಡಿ, ಸೊಟ್ಟ ಉಳಿದೇ ಉಳಿಯುತ್ತದೆ. ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದನ್ನು ಡ್ರಿಲ್ ಮಷಿನ್‌ಗೆ ಸಿಕ್ಕಿಸಿ, ಎಳೆದು ಹಿಡಿದು ನಿಧಾನ ತಿರುಗಿಸಿ. ಸರಳಿನಂತೆ ನೆಟ್ಟಗಾಗುತ್ತದೆ. ಮೂರು ಅಡಿಯ ತುಂಡು ಮಾಡಿಕೊಳ್ಳಿ.

ಈಗ ಅಂತರ. ಎಲ್ಲರೂ ಎಡವುವುದು ಇಲ್ಲೇ. ಕಾಲುವೆಯಲ್ಲಿ ಕಲ್ಲಿಟ್ಟರೆ ನೀರು ಅದರ ಮೇಲೆ ಹಾರಿ, ಸ್ವಲ್ಪ ಮುಂದೆ ಹೋಗಿ ತಳಕ್ಕೆ ಬೀಳುತ್ತದೆ ಅಲ್ವಾ? ಗಾಳಿಯೂ ಹಾಗೇ. ತಂತಿ ದಾಟಿ, ಅದರ ದಪ್ಪದ ಆರೇಳು ಪಟ್ಟು ದೂರದಲ್ಲಿ ಮತ್ತೆ ಪತ್ರಾಕ್ಕೆ ತಾಗುತ್ತದೆ. ಹೆಚ್ಚು ಬಿಸಿ ಎತ್ತಿಕೊಳ್ಳುವುದು ಆ ಜಾಗದಲ್ಲೇ. ಜಾಸ್ತಿ ಇದ್ದರೆ ಒಳ್ಳೆಯದೆಂದು ಚಾಪೆಯಂತೆ ಒತ್ತಾಗಿ ಕಟ್ಟಿದರೆ ಗಾಳಿ ಪತ್ರಾಕ್ಕೆ ತಾಗುವುದೇ ಇಲ್ಲ, ತಂತಿಯಿಂದ ತಂತಿಗೆ ಜಾರಿ ಹೋಗುತ್ತದೆ. ದಪ್ಪದ ಹತ್ತು ಪಟ್ಟು ಅಂತರ ಬಿಡಿ. 2 ಮಿ.ಮೀ. ತಂತಿಗೆ 2 ಸೆಂ.ಮೀ. ಪತ್ರಾ ಪೂರ್ತಿಗೆ ಸುಮಾರು 90 ತುಂಡು. ಎಲ್ಲವೂ ಗಾಳಿಗೆ ಅಡ್ಡವಾಗಿಯೇ ಇರಲಿ, ಉದ್ದಕ್ಕೆ ಇಟ್ಟರೆ ಸುಮ್ನೆ ದಂಡ. ಇಂಗ್ಲಿಷ್ 'ವಿ' ಆಕಾರದಲ್ಲಿ ಬಗ್ಗಿಸಿ ಕಟ್ಟಿದರೆ ಇನ್ನೂ ಚೆನ್ನಾಗಿ ಬಿಸಿಯಾಗುತ್ತದೆ, ನಿಜ. ಮೊದಲ ಹೀಟರಿಗೆ ಅದು ಬೇಡವೇ ಬೇಡ.

ಅಂಟು ನಂಬಬೇಡಿ. ಮಧ್ಯಾಹ್ನ ಕರೆಂಟ್ ಹೋಗಿ, ಗಾಳಿ ಎಳೆಯುವ ಬ್ಲೋವರ್ ನಿಂತರೆ ಪತ್ರಾ ಕಾದು ಅಗ್ಗದ ಅಂಟು ಬಿಟ್ಟುಕೊಳ್ಳುತ್ತದೆ. ನನ್ನದೊಂದು ಹೀಟರಿನಲ್ಲಿ ಅರ್ಧ ತಂತಿ ಉದುರಿ ತಳದಲ್ಲಿ ರಾಶಿ ಬಿದ್ದಿತ್ತು. ಅರ್ಧ ಅಡಿಗೊಂದು ಸಣ್ಣ ತೂತು ಕೊರೆದು ತೆಳು ಬೈಂಡಿಂಗ್ ವೈರ್‌ನಿಂದ ಹೊಲಿಯಿರಿ. ತೂತಿಗೆ ಬಿಸಿ ತಡೆಯುವ ಸಿಲಿಕೋನ್ ಸೀಲೆಂಟ್ ಹಚ್ಚಿ.

ಪತ್ರಾದ ಗಾಜಿನ ಕಡೆಯ ಮೈಗೆ ಬೈಕ್ ಸೈಲೆನ್ಸರಿಗೆ ಹೊಡೆಯುವ ಮ್ಯಾಟ್ ಕಪ್ಪು ಬಣ್ಣ. ಪತ್ರಾದ ಕೆಳಗೆ ಒಂದಿಂಚು ಗಾಳಿದಾರಿ, ಅದರ ಕೆಳಗೆ ತಳದ ತಗಡು, ಆಮೇಲೆ ಬಿಸಿ ಸೋರದಂತೆ ಗ್ಲಾಸ್ ವೂಲ್ (ಗಾಜಿನ ನಾರಿನ ಹಾಸು). ಥರ್ಮೋಕೋಲ್ ಕರಗುತ್ತದೆ, ಅಂಗಡಿಯವರು ಏನೇ ಹೇಳಲಿ. ದಕ್ಷಿಣಕ್ಕೆ ಮುಖ ಮಾಡಿ, ಉತ್ತರದ ತುದಿಯನ್ನು ಎರಡೂವರೆ ಅಡಿ ಎತ್ತಿ ನಿಲ್ಲಿಸಿ.

ತಂತಿ ಕಟ್ಟಿದ ಮೇಲೆ ಗಾಳಿಗೆ ಅಡೆತಡೆ ಜಾಸ್ತಿ. ಕಂಪ್ಯೂಟರಿನ ಹಳೇ ಫ್ಯಾನ್ ಸಾಲದು, ಬ್ಲೋವರ್ ಬೇಕು. ಅದನ್ನು ಹೀಟರ್ ಮತ್ತು ಒಣಗಿಸುವ ಪೆಟ್ಟಿಗೆಯ ನಡುವೆ ಇಡಿ. ಆನ್ ಮಾಡಿ, ಊದುಬತ್ತಿ ಹಚ್ಚಿಕೊಂಡು ಹೀಟರಿನ ಅಂಚಿನುದ್ದಕ್ಕೂ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡ ಕಡೆಯೆಲ್ಲ ಸಿಲಿಕೋನ್ ತುಂಬಿ.