ಎರಡು ಇನ್ವರ್ಟರ್, ಒಂದು ಲೈನ್: ತೋಟದ ಮನೆಯಲ್ಲಿ ಕಲಿತದ್ದು

ಕಾರ್ತಿಕದ ಒಂದು ಸಂಜೆ. ಹೊಸನಗರ ಕಡೆಯ ತೋಟದ ಮನೆ. ಅಡಿಕೆ ಸುಲಿಯುವ ಯಂತ್ರ, ಪಂಪ್ ಎರಡೂ ಓಡುತ್ತಿದ್ದವು. ಒಳಗೆ ಗ್ರೈಂಡರ್ ಹಾಕಿದರು. ಶೆಡ್ಡಿನ ಇನ್ವರ್ಟರ್ ಕೂಗಿಕೊಂಡು ನಿಂತಿತು. ಅದರ ಹಿಂದೆಯೇ ಮನೆಯದ್ದೂ ನಿಂತಿತು. ಇಡೀ ತೋಟ ಕತ್ತಲು.

"ಎಂಟು ಕಿಲೋವ್ಯಾಟ್ ತಡೆಯುತ್ತೆ ಅಂದಿದ್ರಲ್ಲ ಮಾರಾಯ್ರೆ" ಅಂದರು ಯಜಮಾನರು.

ಹೇಳಿದ್ದು ನಾನೇ. ಮನೆಯಲ್ಲಿ 5 ಕಿಲೋವ್ಯಾಟ್, 60 ಮೀಟರ್ ಆಚೆ ಶೆಡ್ಡಿನಲ್ಲಿ 3 ಕಿಲೋವ್ಯಾಟ್ ಇನ್ವರ್ಟರ್, ಎರಡಕ್ಕೂ ಅವುಗಳದ್ದೇ ಬ್ಯಾಟರಿ. ಮಾಡಿನ ಮೇಲೆ 4 ಕಿಲೋವ್ಯಾಟ್ ಸೋಲಾರ್, ಹಳ್ಳದಲ್ಲಿ 1 ಕಿಲೋವ್ಯಾಟ್ ಟರ್ಬೈನ್. ಮಳೆಗಾಲದಲ್ಲಿ ಮರ ಬಿದ್ದು ಊರಿನ ಲೈನ್ ದಿನಗಟ್ಟಲೆ ಹೋದರೂ ಮನೆ ನಡೆಯಬೇಕು ಅಂತ ಮಾಡಿದ್ದು.

ಇನ್ವರ್ಟರ್‌ಗಳ ನಡುವೆ ಮಾತಾಡಿಕೊಳ್ಳುವ ವಯರ್ ಎಳೆದಿರಲಿಲ್ಲ. ಮಲೆನಾಡಿನ ಸಿಡಿಲಿಗೆ ಅಂಥ ಸಣ್ಣ ವಯರ್ ಉಳಿಯುವುದಿಲ್ಲ. ಅದರ ಬದಲು ಡ್ರೂಪ್ ಅನ್ನುವ ಸೆಟ್ಟಿಂಗ್ ಇಟ್ಟಿದ್ದೆ. ಲೋಡ್ ಏರಿದಷ್ಟೂ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವುದನ್ನು, 50 ಹರ್ಟ್ಜ್‌ನಿಂದ ಸ್ವಲ್ಪ ಸ್ವಲ್ಪ ಇಳಿಸುತ್ತದೆ. ಲೈನ್ ಒಂದೇ ಆದ್ದರಿಂದ ಇಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿ ನಿಲ್ಲಲೇಬೇಕು. ಹಾಗೆ ನಿಂತಾಗ ಲೋಡ್ ತಾನಾಗಿಯೇ ಹಂಚಿಹೋಗುತ್ತದೆ.

ತಪ್ಪಿದ್ದು ಇಲ್ಲಿ. ಎರಡಕ್ಕೂ ಕಿಲೋವ್ಯಾಟಿಗೆ 0.2 ಹರ್ಟ್ಜ್ ಅಂತ ಒಂದೇ ಅಂಕಿ ಹಾಕಿದ್ದೆ. ಒಂದೇ ಅಂಕಿ ಅಂದರೆ ಸಮಪಾಲು. ಆ ಸಂಜೆ ಇನ್ವರ್ಟರ್‌ಗಳ ಮೇಲೆ ಬಿದ್ದ ಲೋಡ್ ಸುಮಾರು 6.4 ಕಿಲೋವ್ಯಾಟ್. ತಲಾ 3.2 ಆಯಿತು. ಚಿಕ್ಕದು ತಾಳಲಿಲ್ಲ. ಅದು ಬಿಟ್ಟ ಭಾರವೂ ದೊಡ್ಡದರ ಮೇಲೆ ಬಿತ್ತು, ಅದೂ ಹೋಯಿತು. ತನ್ನ ತನ್ನ ಪೂರ್ತಿ ಲೋಡಿಗೆ ಎರಡೂ 1 ಹರ್ಟ್ಜ್ ಇಳಿಯಬೇಕು, ಲೆಕ್ಕ ಅಷ್ಟೇ. ಚಿಕ್ಕದಕ್ಕೆ 0.33 ಮಾಡಿದೆ. ಅದೇ 6.4 ಈಗ 4 ಮತ್ತು 2.4 ಆಗಿ ಹಂಚಿತು.

ಇನ್ನೂ ಚೆನ್ನಾಗಿ ಹಂಚಲಿ ಅಂತ ಇಳಿಕೆಯನ್ನು 2 ಹರ್ಟ್ಜ್ ಮಾಡಿಯೂ ನೋಡಿದೆ. ಪಂಪ್ ಶುರುವಾದ ಕೂಡಲೇ ಭಾರ ಇಬ್ಬರ ನಡುವೆ ಉಯ್ಯಾಲೆ ಆಡತೊಡಗಿತು, ಬಲ್ಬುಗಳು ಮಿಣುಕಿದವು. ಮತ್ತೆ 1ಕ್ಕೇ ತಂದೆ.

ರಾತ್ರಿ ಎಲ್ಲ ಆಫ್ ಮಾಡಿ ಶೆಡ್ಡಿನ ಲೈನಿಗೆ ಕ್ಲ್ಯಾಂಪ್ ಮೀಟರ್ (ವಯರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದೆ. 4 ಆಂಪಿಯರ್! ಒಂದು ದೀಪವೂ ಉರಿಯುತ್ತಿಲ್ಲ, ಕರೆಂಟ್ ಎಲ್ಲಿಗೆ ಹೋಗುತ್ತಿದೆ? ಒಂದರಿಂದ ಇನ್ನೊಂದಕ್ಕೆ ಸುಮ್ನೆ ಸುತ್ತುತ್ತಿತ್ತು. ಫ್ರೀಕ್ವೆನ್ಸಿ ಲೈನಿನ ಉದ್ದಕ್ಕೂ ಒಂದೇ, ವೋಲ್ಟೇಜ್ ಹಾಗಲ್ಲ. ಒಂದರಲ್ಲಿ 230, ಇನ್ನೊಂದರಲ್ಲಿ 235 ಇತ್ತು. ಎರಡನ್ನೂ 230ಕ್ಕೆ ತಂದು ವೋಲ್ಟೇಜಿಗೂ ಸ್ವಲ್ಪ ಡ್ರೂಪ್ ಕೊಟ್ಟ ಮೇಲೆ ಮೀಟರಿನ ಅಂಕಿ ಬಿತ್ತು. ಎರಡು ಇನ್ವರ್ಟರ್ ಜೋಡಿಸುವವರು ಲೋಡ್ ಇಲ್ಲದಾಗ ಒಮ್ಮೆ ಹೀಗೆ ಅಳೆದು ನೋಡಲೇಬೇಕು. ಬ್ಯಾಟರಿ ಯಾಕೆ ಬೇಗ ಇಳಿಯುತ್ತದೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಆಮೇಲೆ ಸೋಲಾರ್. ಬ್ಯಾಟರಿ ಚಾರ್ಜ್ ಆಗುವಾಗ ಫ್ರೀಕ್ವೆನ್ಸಿ 50ರ ಮೇಲಕ್ಕೆ ಏರುತ್ತದೆ, ತುಂಬಿದ ಮೇಲೆ ಇನ್ನೂ ಏರುತ್ತದೆ. ಸೋಲಾರಿಗೆಂದೇ ಇರುವ ಬೇರೆ ಇನ್ವರ್ಟರಿನಲ್ಲಿ ಊರಿನ ಲೈನಿನ ಸೆಟ್ಟಿಂಗ್ ಹಾಗೇ ಉಳಿದಿತ್ತು, 50.5ಕ್ಕೆ ಕಡಿದುಕೊಳ್ಳುತ್ತಿತ್ತು. ಬಿಸಿಲು ಜಾಸ್ತಿ ಇದ್ದ ದಿನವೇ ನಿಂತು ನಿಂತು ಬರುತ್ತಿತ್ತು. ಈಗ 51ರಿಂದ 52ರ ಒಳಗೆ ನಿಧಾನವಾಗಿ ತಗ್ಗುವಂತೆ ಇಟ್ಟಿದ್ದೇನೆ.

ಟರ್ಬೈನಿನ ಹೆಚ್ಚಿನ ಕರೆಂಟು ಬಚ್ಚಲಿನ ಹಂಡೆಯ ಹೀಟರಿಗೆ ಹೋಗುತ್ತದೆ. ಮೊದಲು ಅದರ ಕಂಟ್ರೋಲರ್ 50ಕ್ಕೇ ಹೀಟರ್ ಹಾಕಿಬಿಡುತ್ತಿತ್ತು, ಬ್ಯಾಟರಿ ಅರ್ಧ ಖಾಲಿ ಇದ್ದರೂ! 50.8ಕ್ಕೆ ಏರಿಸಿದೆ. ಈಗ ಮೊದಲು ಬ್ಯಾಟರಿ, ಅದು ತುಂಬಿದ ಮೇಲೆ ನೀರು, ಕೊನೆಗೆ ಸೋಲಾರ್ ತಗ್ಗುತ್ತದೆ. ಬ್ಯಾಟರಿ ತುಂಬಿದೆಯಾ ಅಂತ ಫೋನ್ ಮಾಡಿದರೆ ಯಜಮಾನರ ಅಮ್ಮ ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ ಹೇಳುತ್ತಾರೆ.